ಇಕಿಟೋಸ್‌ಗೆ ಲಾಂಚಾ ಒಳ್ಳೆಯದೋ, ವಿಮಾನವೋ?

ಪೆರು ದೇಶದ ಇಕಿಟೋಸ್, ಹೊರಗಿನಿಂದ ರಸ್ತೆಯೇ ಇಲ್ಲದ ನಗರಗಳಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡದು. ಅಮೆಜಾನ್ ದಡದ ಈ ಊರಿನಿಂದ ಹೊರಡುವ ಹೆದ್ದಾರಿ ಸುಮಾರು 100 ಕಿ.ಮೀ. ಸಾಗಿ, ನೌಟಾ ಎಂಬ ಪಟ್ಟಣದಲ್ಲಿ ಮರಾನ್ಯೋನ್ ನದಿಯ ದಂಡೆಗೆ ಬಂದು ಮುಗಿದುಹೋಗುತ್ತದೆ. ಆದ್ದರಿಂದ ಹೊರಗಿನವರು ಹಡಗನ್ನೋ ವಿಮಾನವನ್ನೋ ಹಿಡಿಯಲೇಬೇಕು. ಮಂಡ್ಯದಿಂದ ಹೊರಟ ನಾನೂ ನನ್ನ ತಮ್ಮನೂ ಹೋಗುವಾಗ ಹಡಗಿನಲ್ಲಿ ಹೋಗಿ, ಬರುವಾಗ ವಿಮಾನದಲ್ಲಿ ಬಂದೆವು.

ಲಿಮಾದಿಂದ ತಾರಾಪೋಟೋವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಕಾರಿನಲ್ಲಿ ಘಟ್ಟ ಇಳಿದರೆ ಯೂರಿಮಾಗುವಾಸ್ ಬಂದರು ಸಿಗುತ್ತದೆ. ಅಲ್ಲಿಂದ ಹೊರಡುವ ಸರಕು ಹಡಗಿಗೆ ಲಾಂಚಾ ಎನ್ನುತ್ತಾರೆ. ಕೆಳಗಿನ ಅಂತಸ್ತಿನಲ್ಲಿ ಸರಕು, ಮೇಲೆ ಜನ. ಮಲಗಲು ಬಟ್ಟೆಯ ಜೋಲಿಯನ್ನೂ ಹಗ್ಗವನ್ನೂ ನಾವೇ ಪೇಟೆಯಲ್ಲಿ ಕೊಂಡು, ಜಾಗ ಹಿಡಿದು ಕಟ್ಟಿಕೊಳ್ಳಬೇಕು. ಸರಕು ತುಂಬದೆ ಹಡಗು ಹೊರಡುವುದಿಲ್ಲವಾದ್ದರಿಂದ, ಇಂದು ಸಂಜೆ ಎಂದು ಹೇಳಿಸಿಕೊಂಡ ನಾವು ಮರುದಿನ ಸಂಜೆಯವರೆಗೂ ಕಾದೆವು. ರಜೆ ಎಣಿಸಿಕೊಂಡು ಬಂದವರಿಗೆ ಇದು ನಿಜವಾದ ನಷ್ಟ.

ಆದರೆ ಆ ಮೂರು ರಾತ್ರಿಗಳಲ್ಲಿ ಕಂಡದ್ದು ವಿಮಾನದಲ್ಲಿ ಸಿಗುವಂಥದ್ದಲ್ಲ. ದಡದ ಹಳ್ಳಿಗಳಲ್ಲಿ ಹಡಗಿನ ಮೂತಿಯನ್ನು ಕೆಸರಿಗೆ ಒತ್ತಿ ನಿಲ್ಲಿಸಿ ಒಂದು ಹಲಗೆ ಹಾಕುತ್ತಿದ್ದರು. ಹಸಿರು ಬಾಳೆಗೊನೆಯನ್ನು ಹೆಗಲಿಗೇರಿಸಿಕೊಂಡ ಹುಡುಗರು, ಕಾಲ್ಬೆರಳುಗಳಿಂದಲೇ ಹಲಗೆಯನ್ನು ಕಚ್ಚಿ ಹಿಡಿದಂತೆ ನಡೆದು ಮೇಲೆ ಬರುತ್ತಿದ್ದರು. ಕತ್ತಲಾದ ಮೇಲೆ ತೇಲಿ ಬರುವ ಮರದ ದಿಮ್ಮಿಗಳನ್ನು ನೋಡಿಕೊಳ್ಳಲು ದೀಪದ ಬೆಳಕನ್ನು ನೀರಿನ ಮೇಲೆ ಆಗಾಗ ಹಾಯಿಸುತ್ತಿದ್ದರು. ನಾವು ಹೊರಟ ವಾಯಾಗಾ ನದಿ ಮರಾನ್ಯೋನ್ ಸೇರಿ, ನೌಟಾದ ಬಳಿ ಉಕಯಾಲಿಯೂ ಕೂಡಿಕೊಂಡ ಮೇಲೆ ಅದೇ ನೀರಿಗೆ ಅಮೆಜಾನ್ ಎಂಬ ಹೆಸರು ಬರುತ್ತದೆ. ಅಲ್ಲಿ ಎದುರು ದಡ ಗೆರೆಯಂತೆ ಕಾಣುತ್ತದೆ. ಊಟ ಟಿಕೆಟ್ಟಿನಲ್ಲೇ ಸೇರಿದ್ದು, ತಟ್ಟೆ ಮಾತ್ರ ನಮ್ಮದು. ಸ್ನಾನಕ್ಕೆ ನದಿಯ ನೀರು, ಶೌಚಾಲಯ ಕೊನೆಯ ದಿನಕ್ಕೆ ಕಾಲಿಡುವಂತಿರಲಿಲ್ಲ.

ಲಿಮಾಕ್ಕೆ ಹಿಂದಿರುಗಿದ ವಿಮಾನ ಸುಮಾರು ಎರಡು ಗಂಟೆಯದು. ಹೊತ್ತಿಗೆ ಸರಿಯಾಗಿ ಹೊರಟಿತು, ಅದರ ಬಗ್ಗೆ ದೂರಿಲ್ಲ. ನದಿಯ ಬಳುಕು ಪೂರ್ತಿಯಾಗಿ ಕಂಡದ್ದೂ, ನದಿ ಬಿಟ್ಟುಹೋದ ಹಳೆಯ ತಿರುವುಗಳು ಕುಡುಗೋಲಿನಾಕಾರದ ಕೆರೆಗಳಾಗಿ ನಿಂತಿರುವುದು ಕಂಡದ್ದೂ ಮೇಲಿನಿಂದಲೇ.

ಆದರೂ ನನ್ನ ಆಯ್ಕೆ ಲಾಂಚಾ. ಬೇಸಿಗೆಯಲ್ಲಿ ದಿನವೂ ಪತ್ರಿಕೆಯಲ್ಲಿ ಕೆ.ಆರ್.ಎಸ್. ನೀರಿನ ಮಟ್ಟವನ್ನು ಅಡಿಗಳಲ್ಲಿ ನೋಡಿ ಬೆಳೆದ ನಮಗೆ, ಇಕಿಟೋಸ್‌ನ ಬೆಲೆನ್ ಬಡಾವಣೆ ಕೂಡಲೇ ಅರ್ಥವಾಯಿತು. ಅಲ್ಲಿ ನದಿ ವರ್ಷದಲ್ಲಿ ಸುಮಾರು 10 ಮೀಟರ್, ಅಂದರೆ 33 ಅಡಿಯಷ್ಟು ಏರಿಳಿಯುವುದರಿಂದ, ಮನೆಗಳನ್ನು ಎತ್ತರದ ಕಂಬಗಳ ಮೇಲೋ ತೇಲುವ ದಿಮ್ಮಿಗಳ ಮೇಲೋ ಕಟ್ಟಿದ್ದಾರೆ. ನದಿ ತುಂಬಿದಾಗ ಅಲ್ಲಿನ ಬೀದಿಗಳಲ್ಲಿ ದೋಣಿ ಓಡಾಡುತ್ತದೆ. ಮೂರು ದಿನ ಅದೇ ನೀರಿನ ಮೇಲೆ ಬಂದವರಿಗೆ ಆ ಮನೆಗಳು ವಿಚಿತ್ರವೆನಿಸುವುದಿಲ್ಲ.

ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರು ಎರಡು ಕಡೆಯೂ ವಿಮಾನವನ್ನೇ ಹಿಡಿಯಲಿ. ಯಾವ ದಾರಿಯಾದರೂ ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಭಾರತಕ್ಕೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ.