ಮೊಂಟೆವಿಡಿಯೋದಲ್ಲಿ ಕೈ ಹಿಡಿದು ಕರೆಯುವ ಹೋಟೆಲಿಗೆ ಹೋಗಬೇಡಿ

ದಕ್ಷಿಣ ಅಮೆರಿಕದ ಉರುಗ್ವೆಗೆ ಹೋಗುವ ನಮ್ಮವರು ಕಡಿಮೆ, ಆದರೂ ಇದ್ದಾರೆ. ಟಿಸಿಎಸ್ 2002ರಿಂದ ಅಲ್ಲಿಯ ರಾಜಧಾನಿ ಮೊಂಟೆವಿಡಿಯೋದಲ್ಲಿ ಕಚೇರಿ ನಡೆಸುತ್ತಿದೆ, ಭಾರತದಿಂದ ಕೆಲಸದ ಮೇಲೆ ಹೋಗಿಬರುವವರಿದ್ದಾರೆ. ಪಕ್ಕದ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನೋಡಲು ಬಂದವರು ನದಿ ದಾಟಿ ಈಚೆಗೂ ಒಂದು ಸುತ್ತು ಬರುತ್ತಾರೆ. ಅಂಥವರು ಊಟಕ್ಕೆ ಕೂರುವ ಮುಂಚೆ ಇದನ್ನು ಒಮ್ಮೆ ಓದಿಕೊಳ್ಳಲಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ಜಾಗ ಯಾವುದು ಅಂದರೆ ಬಂದರಿನ ಎದುರಿನ ಹಳೇ ಮಾರುಕಟ್ಟೆ, ಮೆರ್ಕಾದೊ ದೆಲ್ ಪುಯೆರ್ತೊ. 1868ರಲ್ಲಿ ಶುರುವಾದದ್ದು. ಇಂಗ್ಲೆಂಡಿನಿಂದ ತರಿಸಿದ ಕಬ್ಬಿಣದ ಕಂಬ, ಎತ್ತರದ ಚಾವಣಿ, ನಡುವೆ ಒಂದು ಗಡಿಯಾರ. ಮೊದಲು ತರಕಾರಿ, ಹಣ್ಣು, ಮಾಂಸ ಮಾರುತ್ತಿದ್ದರು. ಈಗ ಪೂರ್ತಿ ಸುಟ್ಟ ಮಾಂಸದ ಹೋಟೆಲುಗಳೇ. ನೋಡಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಪ್ರವಾಸಿಗಳನ್ನು ಹೊತ್ತ ದೊಡ್ಡ ಹಡಗುಗಳು ರಸ್ತೆಯ ಆಚೆ ಬದಿಯಲ್ಲೇ ಬಂದು ನಿಲ್ಲುತ್ತವೆ. ಹಡಗು ಬಂದ ದಿನ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕರೆಯುವವರ ಗಲಾಟೆಯೂ ಜಾಸ್ತಿ. ನಾವು ಹೋದದ್ದು ಅಂಥದ್ದೇ ದಿನ.

ನನ್ನ ಜೊತೆ ಇದ್ದದ್ದು ಶಿರಸಿ ಕಡೆಯ ಗೆಳೆಯ, ಮೊಟ್ಟೆಯನ್ನೂ ಮುಟ್ಟದವನು. ನಾನು ಎಲ್ಲ ತಿನ್ನುತ್ತೇನೆ. ಮಾರುಕಟ್ಟೆಯ ಒಂದು ಹೋಟೆಲಿನವನು ಬಾಗಿಲಲ್ಲೇ ಹಿಡಿದುಕೊಂಡ. ಹೆಸರು ಹಾಕುವುದಿಲ್ಲ. ಈ ಆಟ ಒಂದೇ ಅಂಗಡಿಯ ಸ್ವತ್ತಲ್ಲ, ಬೇರೆ ಊರುಗಳಲ್ಲೂ ನೋಡಿದ್ದೇನೆ. ‘ಇಂಡಿಯಾ? ಅಮಿಗೋ!’ ಅನ್ನುತ್ತಾ ಇಬ್ಬರ ಕೈಗೂ ಒಂದೊಂದು ಲೋಟ ಕೊಟ್ಟ. ಅದು ಮೇದಿಯೊ ಇ ಮೇದಿಯೊ, ಅರ್ಧ ಬಿಳಿ ವೈನು, ಅರ್ಧ ನೊರೆಯೇಳುವ ವೈನು. ಈ ಮಾರುಕಟ್ಟೆಗೆ ಹೆಸರು ತಂದ ಪಾನೀಯ. ಜೊತೆಗೆ ಒಂದು ಕತೆ: ಈ ಕಬ್ಬಿಣ ಬೇರೆ ದೇಶದ ರೈಲು ನಿಲ್ದಾಣಕ್ಕೆ ಅಂತ ಹೊರಟಿತ್ತಂತೆ, ಹಡಗು ಇಲ್ಲೇ ಸಿಕ್ಕಿಹಾಕಿಕೊಂಡಿತಂತೆ. ಕಟ್ಟುಕತೆ ಅದು. ಆದರೆ ಕತೆ ಮುಗಿಯುವಷ್ಟರಲ್ಲಿ ನಾವು ಕುರ್ಚಿಯಲ್ಲಿ ಕೂತಾಗಿತ್ತು!

ಹೊರಗಿನ ಹಲಗೆಯಲ್ಲಿ ದರ ಬರೆದಿತ್ತು. ಒಳಗೆ ಕೊಟ್ಟ ಮೆನು ಬೇರೆ. ಗೆಳೆಯ ಮಾಂಸ ತಿನ್ನುವುದಿಲ್ಲ ಅಂತ ಇಂಗ್ಲಿಷಿನಲ್ಲೂ ಹೇಳಿದೆವು, ನಮ್ಮ ಹರಕು ಸ್ಪ್ಯಾನಿಷಿನಲ್ಲೂ ಹೇಳಿದೆವು. ವೇಟರ್ ತಲೆಯಾಡಿಸಿದ. ಅವನಿಗೆ ಪಾಸ್ತಾ ಕೊಡ್ತೀನಿ, ಕಾರೂಸೊ ಸಾಸ್, ಬರೀ ಕ್ರೀಮು ಮತ್ತು ಅಣಬೆ ಅಂದ. ನನಗೆ ‘ಇಬ್ಬರಿಗಾಗುವ’ ಪರ್ರಿಷಾದಾ, ಅಂದರೆ ಬಗೆಬಗೆಯ ಮಾಂಸ ಒಟ್ಟಿಗೆ ಇಟ್ಟು ಮೇಜಿಗೇ ತರುವ ಪುಟ್ಟ ಒಲೆ, ತಗೋಳ್ಳಿ ಅಂದ. ತಿನ್ನುವವನು ಒಬ್ಬನೇ ಅಲ್ವಾ ಅಂದರೆ, ಒಬ್ಬರಿಗೆ ಕೊಡುವುದಿಲ್ಲ ಅನ್ನುವ ಉತ್ತರ ಬಂತು. ಬಿಡಿಯಾಗಿ ಒಂದು ತುಂಡು ಕೇಳಿದರೆ ಅದು ಖಾಲಿಯಂತೆ.

ಪಾಸ್ತಾ ಬಂತು. ಗೆಳೆಯ ಮುಳ್ಳುಚಮಚದಲ್ಲಿ ಸಾಸನ್ನು ಸರಿಸಿ ನೋಡಿದ. ಅಣಬೆಯ ನಡುವೆ ಸಣ್ಣಗೆ ಹೆಚ್ಚಿದ ಗುಲಾಬಿ ಚೂರುಗಳು. ಪಾಸ್ತಾದ ಹೊಟ್ಟೆ ಬಿಡಿಸಿದರೆ ಒಳಗೂ ಅದೇ ಬಣ್ಣ. ‘ಇದೆಂಥದು ಮಾರಾಯಾ?’ ಅಂದ. ಹ್ಯಾಮ್, ಹಂದಿ ಮಾಂಸ. ವೇಟರನ್ನು ಕರೆದರೆ, ‘ಅದು ಮಾಂಸ ಅಲ್ಲ, ರುಚಿಗೆ ಸ್ವಲ್ಪ’ ಅಂತ ನಗುತ್ತಾನೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕಾರೂಸೊ ಸಾಸ್ ಉರುಗ್ವೆಯದೇ ಸೃಷ್ಟಿ, 1950ರ ದಶಕದಲ್ಲಿ ಮೊಂಟೆವಿಡಿಯೋದ ಹೋಟೆಲೊಂದರಲ್ಲಿ ಹುಟ್ಟಿದ್ದು. ಕ್ರೀಮು, ಅಣಬೆ, ಹ್ಯಾಮ್, ಇವುಗಳ ಜೊತೆಗೆ ಮಾಂಸದ ಸಾರವನ್ನು ಗಟ್ಟಿ ಮಾಡಿದ ಕಂದು ಪಾಕವನ್ನೂ ಹಾಕುತ್ತಾರೆ. ಆ ಪಾಕಕ್ಕೆ ಈ ದೇಶದಲ್ಲಿ ದೊಡ್ಡ ಇತಿಹಾಸವೇ ಇದೆ. ಫ್ರಾಯ್ ಬೆಂತೋಸ್ ಎಂಬ ಊರಿನಲ್ಲಿ 19ನೇ ಶತಮಾನದಲ್ಲೇ ಅದನ್ನು ತಯಾರಿಸಿ ಯುರೋಪಿಗೆ ಕಳಿಸುತ್ತಿದ್ದರು. ಆ ಕಾರ್ಖಾನೆ 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಹಾಗಾಗಿ ಹ್ಯಾಮ್ ತೆಗೆದು ಕೊಡಿ ಅಂದರೂ ಈ ಸಾಸು ಸಸ್ಯಾಹಾರ ಆಗುವುದಿಲ್ಲ. ಸಸ್ಯಾಹಾರಿಗಳು ಆ ಹೆಸರು ಕಂಡರೆ ಮುಂದಿನ ಸಾಲಿಗೆ ಹೋಗಿ.

ನನ್ನ ಒಲೆಯೂ ಬಂತು. ಉರುಗ್ವೆಯವರು ಮಾಂಸ ಸುಡುವುದನ್ನು ನೋಡುವುದೇ ಒಂದು ಚಂದ. ಇದ್ದಿಲು ಮುಟ್ಟುವುದಿಲ್ಲ, ಸೌದೆಯೇ ಆಗಬೇಕು. ಪಕ್ಕದ ಕಬ್ಬಿಣದ ಬುಟ್ಟಿಯಲ್ಲಿ ಸೌದೆ ಉರಿಯುತ್ತಿರುತ್ತದೆ. ಉದುರಿದ ಕೆಂಡವನ್ನು ಎಳೆದೆಳೆದು, ಓರೆಯಾಗಿ ನಿಲ್ಲಿಸಿದ ಕಂಬಿಗಳ ಕೆಳಗೆ ಹರಡುತ್ತಾರೆ. ಪಕ್ಕೆಲುಬು ಗಂಟೆಗಟ್ಟಲೆ ನಿಧಾನವಾಗಿ ಬೇಯುತ್ತದೆ. ಅವಸರ ಮಾಡುವ ಅಡುಗೆಯೇ ಅಲ್ಲ ಅದು. ನನ್ನ ಮೇಜಿಗೆ ಬಂದದ್ದು ಬೆಳಗ್ಗೆಯೇ ಬೆಂದು, ಹಡಗಿನ ಜನಕ್ಕೆ ಅಂತ ಬದಿಗಿಟ್ಟು, ಮತ್ತೆ ಬಿಸಿ ಮಾಡಿದ್ದು. ಅಂಚುಗಳು ಒಣಗಿ ಸುರುಟಿಕೊಂಡಿದ್ದವು. ಅರ್ಧಕ್ಕಿಂತ ಜಾಸ್ತಿ ಕರುಳು, ಮೂತ್ರಪಿಂಡ, ಕೋಳಿ. ಚಿಂಚುಲೀನ್ ಅನ್ನುವ ಕರುಳನ್ನು ಸರಿಯಾಗಿ ಸುಟ್ಟರೆ ಗರಿಗರಿ ಇರುತ್ತದೆ, ಇದು ಜಗಿದಷ್ಟೂ ಮುಗಿಯದ ರಬ್ಬರು. ಒಂದೇ ಒಂದು ಚೆನ್ನಾಗಿತ್ತು: ಸಿಹಿ ಮೊರ್ಸೀಷಾ. ರಕ್ತದ ಸಾಸೇಜು, ಒಳಗೆ ಒಣದ್ರಾಕ್ಷಿ, ವಾಲ್‌ನಟ್, ಕಿತ್ತಳೆ ಸಿಪ್ಪೆಯ ಘಮ. ಒಪ್ಪಿಕೊಳ್ಳಬೇಕಾದ್ದೇ.

ಆಮೇಲೆ ಬಿಲ್ಲು. ಒಂದು ಚೀಟಿಯಲ್ಲಿ ಪೆನ್ನಿನಲ್ಲಿ ಗೀಚಿದ ಮೊತ್ತ. ಮೆನು ನೋಡಿ ನಾವು ಹಾಕಿದ ಲೆಕ್ಕದ ಒಂದೂವರೆ ಪಟ್ಟು. ಬಿಡಿಸಿ ಹೇಳಿ ಅಂದಾಗ ಒಂದೊಂದಾಗಿ ಹೊರಬಂತು. ಕೇಳದೆ ತಂದಿಟ್ಟ ಬ್ರೆಡ್ಡು, ಬೆಣ್ಣೆಗೆ ತಲೆಗಿಷ್ಟು ಅಂತ ‘ಕುಬಿಯೆರ್ತೊ’. ಎರಡನೇ ಸಲ ತಾನಾಗಿ ತುಂಬಿಸಿದ ಲೋಟದ ದುಡ್ಡು. ಮುಟ್ಟದೆ ವಾಪಸು ಕಳಿಸಿದ ಪಾಸ್ತಾದ ದುಡ್ಡು. ಮೇಲೆ ಟಿಪ್ಸು, ಅದನ್ನೂ ಅವರೇ ಸೇರಿಸಿಕೊಂಡಿದ್ದರು. ಕಾರ್ಡು ಕೊಟ್ಟರೆ ಮಷೀನು ಕೆಟ್ಟಿದೆ, ನಗದು ಕೊಡಿ ಅಂದರು. ನಗದು ಇಲ್ಲ ಅಂದ ಮೇಲೆ ಮಷೀನು ಸರಿಹೋಯಿತು. ಅದರಲ್ಲಿ ಮತ್ತೊಮ್ಮೆ ಟಿಪ್ಸ್ ಕೇಳುವ ಪರದೆ ಬಂತು, ಮೊತ್ತ ಡಾಲರಿನಲ್ಲಿತ್ತು. ಜಗಳವೇ ಆಯಿತು. ಮ್ಯಾನೇಜರ್ ಪಾಸ್ತಾ ಒಂದನ್ನು ತೆಗೆದ, ಉಳಿದದ್ದಕ್ಕೆ ಭುಜ ಹಾರಿಸಿದ.

ಇದರಲ್ಲಿ ಯಾವುದು ಊರಿನ ಪದ್ಧತಿ, ಯಾವುದು ಮೋಸ ಅಂತ ಆಮೇಲೆ ಅಲ್ಲಿಯ ಸಹೋದ್ಯೋಗಿಗಳನ್ನು ಕೇಳಿ ತಿಳಿದುಕೊಂಡೆ. ಕುಬಿಯೆರ್ತೊ ಪದ್ಧತಿಯೇ, ತುಂಬ ಹೋಟೆಲುಗಳಲ್ಲಿದೆ. ಆದರೆ ಮೆನುವಿನಲ್ಲಿ ಬರೆದಿರಬೇಕು, ಕೂರುವ ಮುಂಚೆ ಅದನ್ನು ನೋಡಿ. ಟಿಪ್ಸ್ ಸುಮಾರು 10% ಕೊಡುವುದು ರೂಢಿ, ಅದು ನೀವಾಗಿ ಕೊಡುವಂಥದ್ದು. ಪೆನ್ನಿನ ಚೀಟಿ ಬಿಲ್ಲೇ ಅಲ್ಲ. ‘ಇ-ಟಿಕೆಟ್’ ಅಂತ ಅಚ್ಚಾದ ರಸೀದಿ ಕೇಳಿ, ಬಾಬ್ತುಗಳೆಲ್ಲ ಅದರಲ್ಲಿರುತ್ತವೆ. ಮೆನುವಿನಲ್ಲಿ ಕಾಣುವ ಡಾಲರ್ ಗುರುತು ಅಲ್ಲಿ ಪೆಸೊದ್ದು, ಗಾಬರಿ ಬೇಡ. ಸುಮಾರು 40 ಪೆಸೊಗೆ ಒಂದು ಡಾಲರ್, ಅಂದರೆ ಪೆಸೊವನ್ನು ದುಪ್ಪಟ್ಟು ಮಾಡಿದರೆ ಹೆಚ್ಚುಕಮ್ಮಿ ನಮ್ಮ ರೂಪಾಯಿ. ಮಷೀನು ಪೆಸೊನಾ ಡಾಲರಾ ಅಂತ ಕೇಳಿದರೆ ಪೆಸೊ ಒತ್ತಿ. ಇಲ್ಲದಿದ್ದರೆ ಅವರಿಗೆ ಬೇಕಾದ ದರದಲ್ಲಿ ಬದಲಾಯಿಸಿ ಕಡಿಯುತ್ತಾರೆ.

‘ಮಷೀನು ಕೆಟ್ಟಿದೆ’ ಅನ್ನುವುದಕ್ಕೂ ಬಗ್ಗಬೇಡಿ. ವಿದೇಶಿ ಕಾರ್ಡಿನಲ್ಲಿ ಊಟದ ಬಿಲ್ ಕಟ್ಟುವ ಪ್ರವಾಸಿಗೆ 22% ವ್ಯಾಟ್ ಬಿಟ್ಟುಕೊಡುವ ರಿಯಾಯಿತಿಯನ್ನು ಅಲ್ಲಿಯ ಸರ್ಕಾರ ವರ್ಷಗಳಿಂದ ಮತ್ತೆ ಮತ್ತೆ ಮುಂದುವರಿಸುತ್ತಾ ಬಂದಿದೆ. ನೀವು ಹೋಗುವ ಸಮಯಕ್ಕೆ ಜಾರಿಯಲ್ಲಿದೆಯಾ ನೋಡಿಕೊಳ್ಳಿ. ನಗದು ಕೊಟ್ಟರೆ ಅದು ಸಿಗುವುದಿಲ್ಲ.

ಮಾರುಕಟ್ಟೆಯನ್ನು ಸುತ್ತಾಡಿ, ಫೋಟೋ ತೆಗೆಯಿರಿ, ಊಟಕ್ಕೆ ಬೇರೆ ಬಡಾವಣೆಗೆ ನಡೆಯಿರಿ. ಸೌದೆಯ ಹೊಗೆ ವಾಸನೆ ಬರುವ, ಅಲ್ಲಿಯವರೇ ಕುಟುಂಬ ಸಮೇತ ಕೂತಿರುವ, ಬಾಗಿಲಲ್ಲಿ ಯಾರೂ ನಿಂತು ಕರೆಯದ ಜಾಗ ಹುಡುಕಿ. ರಾತ್ರಿ ಎಂಟಕ್ಕೆ ಮುಂಚೆ ಹೋದರೆ ಎಷ್ಟೋ ಕಡೆ ಬಾಗಿಲೇ ತೆರೆದಿರುವುದಿಲ್ಲ, ಜನ ಊಟಕ್ಕೆ ಬರುವುದು ಒಂಬತ್ತರ ಮೇಲೆ. ಮೇಜಿನ ಮೇಲೆ ಉಪ್ಪು ಕಾಣದಿದ್ದರೆ ಸಿಟ್ಟಾಗಬೇಡಿ, ಮೊಂಟೆವಿಡಿಯೋದಲ್ಲಿ ಅದಕ್ಕೊಂದು ನಿಯಮವೇ ಇದೆ. ಕೇಳಿದರೆ ಕೊಡುತ್ತಾರೆ.

ಕೋಳಿ, ಕುರಿ ತಿನ್ನುತ್ತೇವೆ, ದನದ್ದು ಮಾತ್ರ ಬೇಡ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರು ‘ಚಿವೀತೊ’ ಅನ್ನುವ ಸ್ಯಾಂಡ್‌ವಿಚ್ ಬಗ್ಗೆ ಹುಷಾರು. ಆ ಹೆಸರಿಗೆ ಆಡಿನ ಮರಿ ಅಂತ ಅರ್ಥ, ಒಳಗಿರುವುದು ದನದ ಮಾಂಸ. ಜೊತೆಗೆ ಹ್ಯಾಮ್, ಬೇಕನ್, ಚೀಸು, ಮೊಟ್ಟೆ. 1940ರ ದಶಕದಲ್ಲಿ ಪುಂತಾ ದೆಲ್ ಎಸ್ತೆ ಎಂಬ ಕಡಲತೀರದ ಊರಿನಲ್ಲಿ ಆಂತೊನಿಯೊ ಕಾರ್ಬೊನಾರೊ ಎಂಬಾತ ಮಾಡಿದ್ದು ಅದು. ಗಿರಾಕಿ ಆಡಿನ ಮಾಂಸ ಕೇಳಿದರಂತೆ, ಇರಲಿಲ್ಲವಂತೆ. ದನದ್ದು ಇಟ್ಟು ಕೊಟ್ಟರು, ಹೆಸರು ಹಾಗೇ ಉಳಿಯಿತು. ಈ ದೇಶದಲ್ಲಿ ಸುಮಾರು 35 ಲಕ್ಷ ಜನ, 1 ಕೋಟಿಗೂ ಮೇಲೆ ದನಗಳು. ಅಲ್ಲಿ ‘ಮಾಂಸ’ ಅಂದರೆ ದನದ್ದೇ. ಹಾಗಾಗಿ ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಕೋಳಿಯನ್ನೋ ಹ್ಯಾಮನ್ನೋ ತಂದಿಡುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಶೊ, ಸಿನ್ ಹಮೋನ್’ ಅಂತ ದನ, ಕೋಳಿ, ಹ್ಯಾಮ್ ಮೂರನ್ನೂ ಬೇರೆ ಬೇರೆ ಹೆಸರಿಸಿ ಬೇಡ ಅನ್ನಿ.

ಗೆಳೆಯ ಉಳಿದ ದಿನ ಬದುಕಿದ್ದು ಫೈನಾ ಮೇಲೆ. ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ದೊಡ್ಡ ತಟ್ಟೆಯಲ್ಲಿ ಸೌದೆ ಒಲೆಯಲ್ಲಿ ಬೇಯಿಸಿದ್ದು. ಇಟಲಿಯ ಜೆನೋವಾದಿಂದ ವಲಸೆ ಬಂದವರು ತಂದ ತಿಂಡಿ. ಮೇಲೆ ಬಿಳಿ ಕಾಳುಮೆಣಸಿನ ಪುಡಿ ಉದುರಿಸಿ ಪಿಜ್ಜಾ ಜೊತೆ ತಿನ್ನುತ್ತಾರೆ. ಅಂಚಿನ ತುಂಡು ಕೇಳಿ, ತೆಳ್ಳಗೆ ಗರಿಗರಿ ಇರುತ್ತದೆ. ಸುಮ್ನೆ ‘ಪಿಜ್ಜಾ’ ಅಂದರೆ ಟೊಮೆಟೊ ಸಾಸ್ ಬಳಿದದ್ದು ಬರುತ್ತದೆ, ಚೀಸ್ ಬೇಕಾದರೆ ಮುಸರೇಲಾ ಅನ್ನಿ. ತಿಂಗಳ 29ಕ್ಕೆ ಎಲ್ಲೆಲ್ಲೂ ನ್ಯೋಕಿ ಅನ್ನುವ ಆಲೂಗಡ್ಡೆ ಹಿಟ್ಟಿನ ಪುಟ್ಟ ಉಂಡೆಗಳನ್ನು ಮಾಡುತ್ತಾರೆ, ತಟ್ಟೆಯ ಕೆಳಗೆ ದುಡ್ಡಿಟ್ಟು ತಿನ್ನುವ ಪದ್ಧತಿ. ಸಾಸನ್ನು ಮಾತ್ರ ವಿಚಾರಿಸಿ, ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಿ.

ಮಳೆ ಬಂದ ದಿನ ಬೀದಿಯಲ್ಲಿ ತೋರ್ತಾ ಫ್ರೀತಾ ಮಾರುತ್ತಾರೆ. ನೋಡಲು ಪೂರಿಯ ನೆಂಟ, ಬಾಯಲ್ಲಿ ನೀರೂರುತ್ತದೆ. ಸಸ್ಯಾಹಾರಿಗಳು ದೂರ ಇರಿ. ಅದನ್ನು ಕರಿಯುವುದು ಸಾಮಾನ್ಯವಾಗಿ ದನದ ಕೊಬ್ಬಿನಲ್ಲಿ. ಎಣ್ಣೆಯಲ್ಲಿ ಕರಿದಿದ್ದು ಅಂದರೂ ಹಿಟ್ಟಿಗೆ ಅದೇ ಕೊಬ್ಬು ಹಾಕಿ ಕಲಸಿರುತ್ತಾರೆ. ಬಿಸ್ಕೋಚೊ ಅನ್ನುವ ಬೇಕರಿಯ ಪುಟ್ಟ ತಿಂಡಿಗಳಲ್ಲೂ ಎಷ್ಟೋ ಬಗೆ ಹಾಗೇ. ಕೇಳುವುದಾದರೆ ಬಾಣಲೆಯ ಬಗ್ಗೆ ಮಾತ್ರ ಕೇಳಬೇಡಿ, ಹಿಟ್ಟಿನಲ್ಲಿ ‘ಗ್ರಾಸಾ’, ಅಂದರೆ ಆ ಕೊಬ್ಬು, ಇದೆಯಾ ಅಂತಲೂ ಕೇಳಿ.