ದಿದೆರೋನ ವಿಶ್ವಕೋಶಕ್ಕೆ ಷಿಕಾಗೋ ವಿಶ್ವವಿದ್ಯಾಲಯ ತೆರೆದ ಬಾಗಿಲು

ಹದಿನೆಂಟನೆಯ ಶತಮಾನದ ಯುರೋಪಿನ ತತ್ತ್ವಚಿಂತನೆ ಎಂದೊಡನೆ ವೋಲ್ಟೇರ್, ರೂಸೋ, ಹ್ಯೂಮ್, ಕಾಂಟ್ ಎಂದು ಹೆಸರುಗಳನ್ನು ಸಾಲಾಗಿ ಹೇಳಿ ಮುಗಿಸುವುದು ರೂಢಿ. ಆ ಕಾಲದವರು ಯೋಚಿಸುತ್ತಿದ್ದ ಬಗೆಯನ್ನೇ ಹತ್ತಿರದಿಂದ ನೋಡಬಯಸುವವರಿಗೆ ನಾನು ಸೂಚಿಸುವುದು ಹಳೆಯ ಫ್ರೆಂಚ್ ಗ್ರಂಥಗಳನ್ನು ಗಣಕಕ್ಕಿಳಿಸುವ, ಷಿಕಾಗೋ ವಿಶ್ವವಿದ್ಯಾಲಯದ ಆರ್ಟ್‌ಫ್ಲ್ ಯೋಜನೆಯವರ ಜಾಲತಾಣವನ್ನು. ಫ್ರೆಂಚ್ ಚಿಂತಕರಾದ ದಿದೆರೋ ಮತ್ತು ದಾಲಂಬೇರ್ ಸಂಪಾದಿಸಿದ, 1751ರಿಂದ 1772ರವರೆಗೆ ಹೊರಬಂದ ಫ್ರೆಂಚ್ ವಿಶ್ವಕೋಶದ 17 ಪಠ್ಯಸಂಪುಟಗಳೂ 11 ಚಿತ್ರಸಂಪುಟಗಳೂ ಅಲ್ಲಿ ಓದಲು ಸಿಗುತ್ತವೆ, ಶುಲ್ಕವಿಲ್ಲ.

ನನ್ನನ್ನು ಗಂಟೆಗಟ್ಟಲೆ ಹಿಡಿದಿಟ್ಟದ್ದು ಲೇಖನಗಳಲ್ಲಿ ಬರುವ ‘ನೋಡಿ’ ಎಂಬ ಸೂಚನೆಗಳು. ನರಭಕ್ಷಕರನ್ನು ಕುರಿತ ಚಿಕ್ಕ ಲೇಖನವೊಂದಿದೆ. ಪಾದ್ರಿಯೊಬ್ಬ ಬರೆದ ಆ ಬರಹ ಮೇಲ್ನೋಟಕ್ಕೆ ತೀರಾ ಸಾಧುವಾಗಿಯೇ ಕಾಣುತ್ತದೆ. ಆದರೆ ಅದರ ಕೊನೆಯ ಸಾಲು ಓದುಗನನ್ನು ಪರಮಪ್ರಸಾದ (ರೊಟ್ಟಿಯನ್ನು ಕ್ರಿಸ್ತನ ದೇಹವೆಂದು ನಂಬಿ ಸೇವಿಸುವ ಕ್ರೈಸ್ತ ವಿಧಿ), ಬಲಿಪೀಠ ಮುಂತಾದ ಲೇಖನಗಳತ್ತ ಕಳುಹಿಸುತ್ತದೆ. ಬಾಯಿಬಿಟ್ಟು ಹೇಳಿದ್ದರೆ ಸೆರೆಮನೆಗೆ ಕಾರಣವಾಗಬಹುದಾಗಿದ್ದ ಮಾತನ್ನು ಎರಡು ಲೇಖನಗಳ ನಡುವಿನ ಜಾಗದಲ್ಲಿಟ್ಟು, ಕೂಡಿಸಿ ನೋಡುವ ಕೆಲಸವನ್ನು ಓದುಗನಿಗೇ ಬಿಟ್ಟ ಈ ಉಪಾಯವನ್ನು ದಿದೆರೋ ‘ವಿಶ್ವಕೋಶ’ ಎಂಬ ತನ್ನ ಲೇಖನದಲ್ಲಿ ತಾನೇ ವಿವರಿಸಿದ್ದಾನೆ. 1752ರಲ್ಲಿ ಮೊದಲ ಎರಡು ಸಂಪುಟಗಳಿಗೆ ನಿಷೇಧ ಬಿತ್ತು. 1759ರಲ್ಲಿ ಮುದ್ರಣದ ಪರವಾನಗಿಯೇ ರದ್ದಾಯಿತು. ಅಷ್ಟಾದರೂ ಕೆಲಸ ನಿಲ್ಲಲಿಲ್ಲ.

ಚಿತ್ರಸಂಪುಟಗಳನ್ನು ಬಿಡಲೇಬಾರದು. ದಿದೆರೋ ಚಾಕು ಕತ್ತರಿ ಮಾಡುವ ಕಸುಬಿನವನ ಮಗ. ಕೈಕೆಲಸದವರ ತಿಳಿವಳಿಕೆಗೆ ತತ್ತ್ವಶಾಸ್ತ್ರದ ಪಕ್ಕದಲ್ಲೇ ಜಾಗ ಕೊಟ್ಟದ್ದು ಈ ಗ್ರಂಥದ ಅತಿ ದೊಡ್ಡ ಧೈರ್ಯವೆಂದು ನನಗನ್ನಿಸುತ್ತದೆ. ತಂತಿಯನ್ನು ಎಳೆಯುವುದು, ತುಂಡರಿಸುವುದು, ಮೊನೆ ಮಾಡುವುದು, ತಲೆ ಕೂರಿಸುವುದು ಎಂದು ಒಂದು ಗುಂಡುಸೂಜಿಯ ತಯಾರಿಕೆಯನ್ನು 1755ರ ಲೇಖನವು 18 ಹಂತಗಳಲ್ಲಿ ಬಿಡಿಸಿಡುತ್ತದೆ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಶ್ರಮವಿಭಜನೆಯನ್ನು ವಿವರಿಸಲು ಇದೇ ಗುಂಡುಸೂಜಿಯನ್ನು, ಇದೇ 18 ಹಂತಗಳನ್ನು ಎತ್ತಿಕೊಂಡ.

ಭಾಷೆಯ ತೊಡಕು ದೊಡ್ಡದು. ಇಲ್ಲಿರುವುದು ಮೂಲ ಫ್ರೆಂಚ್; ಫ್ರೆಂಚ್ ಬಲ್ಲವರೂ ಆ ಕಾಲದ ಕಾಗುಣಿತಕ್ಕೆ ಹೊಂದಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಓದುವವರಿಗೆ ಮಿಷಿಗನ್ ವಿಶ್ವವಿದ್ಯಾಲಯದ ಉಚಿತ ಅನುವಾದ ತಾಣವಿದೆ, ಆದರೆ ಅಲ್ಲಿರುವುದು ಇಡೀ ಗ್ರಂಥದ ಒಂದು ಭಾಗ ಮಾತ್ರ. ಆ ಭಾಗದಲ್ಲೇ ವಿಶ್ವಕೋಶದ ಲೇಖಕರಲ್ಲೊಬ್ಬನಾದ ಜೊಕೂರ್ ಬರೆದ ಗುಲಾಮರ ವ್ಯಾಪಾರದ ಲೇಖನವೂ ಸೇರಿದೆ. ಇಷ್ಟೊಂದು ಜನರನ್ನು ದುಃಖಕ್ಕೆ ನೂಕುವುದಕ್ಕಿಂತ ಯುರೋಪಿನ ವಸಾಹತುಗಳೇ ನಾಶವಾಗಲಿ ಎಂದು ಅವನು ಬರೆದಿದ್ದಾನೆ. ನನ್ನನ್ನು ಕೇಳಿದರೆ, ಓದನ್ನು ಅಲ್ಲಿಂದಲೇ ಶುರುಮಾಡಿ.