ಹಿಮದಲ್ಲಿ ಎಲ್‌ಇಡಿ ಲೈಟ್: ಸ್ಪ್ರೇ ಸಾಕಾ, ಹೀಟೆಡ್ ಲೆನ್ಸ್ ಬೇಕಾ?

ಅಮೆರಿಕದ ಚಳಿ ರಾಜ್ಯ ಮಿನ್ನೆಸೋಟಾದ ಜನವರಿಯಲ್ಲಿ ಎಲ್‌ಇಡಿ ಹೆಡ್‌ಲೈಟಿನ ಮೇಲೆ ಹಿಮ ಕೂತರೆ ಹಾಗೇ ಕೂತಿರುತ್ತದೆ. ಹಳೆಯ ಹ್ಯಾಲೊಜೆನ್ ಬಲ್ಬಿನ ಬಿಸಿ ಮುಂದಿನ ಲೆನ್ಸಿಗೇ ತಾಗಿ ಹಿಮ ಕರಗುತ್ತಿತ್ತು. ಎಲ್‌ಇಡಿಯ ಬಿಸಿ ಬಹುಪಾಲು ಹಿಂದಿನ ಹೀಟ್‌ಸಿಂಕಿಗೆ (ಬಿಸಿ ಹೀರಿ ಹೊರಬಿಡುವ ಲೋಹದ ಭಾಗಕ್ಕೆ) ಹೋಗುತ್ತದೆ, ಲೆನ್ಸ್ ತಣ್ಣಗೇ ಉಳಿಯುತ್ತದೆ.

ಲೆನ್ಸಿಗೆ ಹಚ್ಚುವ ಸಿಲಿಕೋನ್ ಸ್ಪ್ರೇ ಅಗ್ಗ, ಐದು ನಿಮಿಷದ ಕೆಲಸ. ಹಿಮ ಅಂಟೋದು ಕಡಿಮೆಯಾಗುತ್ತದೆ, ಆದರೆ ಕರಗೋದಿಲ್ಲ. ರಸ್ತೆಯ ಉಪ್ಪುನೀರು ಬಡಿದು ಬೇಗ ಸವೆಯುತ್ತದೆ, ಮತ್ತೆ ಮತ್ತೆ ಹಚ್ಚಬೇಕು.

ಹೀಟೆಡ್ ಲೆನ್ಸಿನಲ್ಲಿ ಕೂದಲೆಳೆಯಂಥ ತಂತಿ ಇರುತ್ತದೆ. ಚಳಿ ಜಾಸ್ತಿಯಾದಾಗ ತಾನೇ ಬಿಸಿಯಾಗಿ ಹಿಮ ಕರಗಿಸುತ್ತದೆ. ದುಬಾರಿ, ನಿಜ. ಆದರೂ ರಾತ್ರಿ ಹೆದ್ದಾರಿಯಲ್ಲಿ ಓಡಾಡುವವರು ಇದನ್ನೇ ಹಾಕಿಸಿ. ಊರೊಳಗೆ ಮಾತ್ರ ಓಡಿಸ್ತೀರಾ? ಸ್ಪ್ರೇ ಸಾಕು, ಹೊರಡುವ ಮುಂಚೆ ಮೆತ್ತನೆ ಬ್ರಷ್ ಆಡಿಸಿ. ಹಿಂದಿನ ಬ್ರೇಕ್ ಲೈಟನ್ನೂ ಮರೀಬೇಡಿ. ಕುದಿನೀರು ಮಾತ್ರ ಸುರಿಯಬೇಡಿ, ಲೆನ್ಸ್ ಬಿರುಕು ಬಿಡಬಹುದು.